ಚಿಕ್ಕಮ್ಮನ ಕೆಮ್ಮು

ನಮ್ಮ ಮನೆಯಲ್ಲಿ ಸೂರ್ಯಗ್ರಹಣ ನೋಡುತ್ತಿದ್ದದ್ದು ಗಿರಿಜ ಚಿಕ್ಕಮ್ಮನ ಎದೆಯ ಮೂಲಕ. ಕೇಳಿದರೆ ನೀವು ನಗಬಹುದು. ಆದರೆ ತೊಂಬತ್ತರ ದಶಕದಲ್ಲಿ ಭದ್ರಾವತಿಯ ಓಲ್ಡ್ ಟೌನಿನಲ್ಲಿ ಬೆಳೆದ ನಮಗೆ ಹಳೆಯ ಎಕ್ಸ್‌ರೇ ಹಾಳೆಯೇ ಗ್ರಹಣದ ಕನ್ನಡಕ; ಅದರಿಂದ ಕಣ್ಣು ಕೆಡುತ್ತದೆಂದು ಹೇಳುವವರು ನಮ್ಮ ಬೀದಿಯಲ್ಲಿ ಯಾರೂ ಇರಲಿಲ್ಲ. ಬೇರೆ ಮನೆಗಳಲ್ಲಿ ಮುರಿದ ಕೈಯದೋ ಕಾಲಿನದೋ ಒಂದು ಹಾಳೆಯಿದ್ದರೆ, ನಮ್ಮ ಅಟ್ಟದಲ್ಲಿ ಎದೆಗೂಡಿನ ಚಿತ್ರಗಳು ಕಟ್ಟುಗಟ್ಟಲೆ ಇದ್ದವು. ಎಲ್ಲವೂ ಚಿಕ್ಕಮ್ಮನವೇ. ಅವಳು ಅಮ್ಮನ ತಂಗಿ. ಅಜ್ಜಿಯ ಮನೆಯಲ್ಲೇ ನಾವೂ ಇದ್ದುದರಿಂದ ನಾನು ಅವಳ ಕೆಮ್ಮು ಕೇಳುತ್ತಲೇ ಬೆಳೆದೆ.

ಆ ಕೆಮ್ಮಿಗೆ ಮೊದಮೊದಲು ಊರಿನ ಉಕ್ಕಿನ ಕಾರ್ಖಾನೆಯ ಹೊಗೆ ಕಾರಣವೆಂದರಂತೆ. ಅದೇ ಹೊಗೆಯಲ್ಲಿ ಇಡೀ ಊರು ಉಸಿರಾಡುತ್ತಿದ್ದರೂ ಹಗಲಿರುಳು ಕೆಮ್ಮುತ್ತಿದ್ದವಳು ಇವಳೊಬ್ಬಳು. ಅವಳು ಹೈಸ್ಕೂಲಿನಲ್ಲಿದ್ದಾಗ ಯಾರೋ ವೈದ್ಯರು ಕ್ಷಯವೆಂದರು. ತಿಂಗಳುಗಟ್ಟಲೆ ಮಾತ್ರೆ ನುಂಗಿದ್ದಾಯಿತು. ಕೆಮ್ಮು ಹೋಗಲಿಲ್ಲ, ಕ್ಷಯವೆಂಬ ಹೆಸರೂ ಹೋಗಲಿಲ್ಲ. ನೋಡಲು ಬಂದ ಗಂಡಿನ ಕಡೆಯವರು ಹಜಾರದಲ್ಲಿ ಕೂತು, ಒಳಗಿನ ಕೆಮ್ಮು ಕೇಳಿ, ಉಪ್ಪಿಟ್ಟನ್ನು ಅರ್ಧಕ್ಕೇ ಬಿಟ್ಟು ಎದ್ದರು. ಅವಳ ತಟ್ಟೆ ಲೋಟ ಬೇರೆಯಾದವು, ಹಾಸಿಗೆ ಬೇರೆಯಾಯಿತು, ಕೊನೆಗೆ ಅವಳೇ ಹಿಂದಿನ ಕೋಣೆಗೆ ಹೊಲಿಗೆಯ ಮಿಷನ್ನನ್ನು ಒಯ್ದುಕೊಂಡು ಬೇರೆಯಾಗಿಬಿಟ್ಟಳು.

ನಮ್ಮ ಮೇಲೆ ಅವಳಿಗೆ ಪ್ರೀತಿ ಇರಲಿಲ್ಲವೆಂದು ತಿಳಿಯಬೇಡಿ. ಬೀದಿಯ ಹೆಂಗಸರ ರವಿಕೆ ಹೊಲಿದು ಉಳಿದ ಹೊತ್ತಿನಲ್ಲಿ ನನಗೆ ಫ್ರಾಕು ಹೊಲಿಯುತ್ತಿದ್ದಳು. ಆದರೆ ಟೇಪು ಹಿಡಿದು ಅಳತೆ ತೆಗೆದವಳಲ್ಲ. "ಅಲ್ಲೇ ಬಾಗಿಲ ಹತ್ರ ನಿಂತ್ಕೊಳೇ. ಒಳಗೆ ಬರಬೇಡ. ಹಾಂ, ಈಗ ತಿರುಗು" ಎಂದು ದೂರದಿಂದಲೇ ನನ್ನ ಮೈಯನ್ನು ಕಣ್ಣಲ್ಲಿ ಅಳೆಯುತ್ತಿದ್ದಳು. ಹೊಲಿದದ್ದನ್ನು ಚಿಲಕಕ್ಕೆ ಸಿಕ್ಕಿಸಿಡುತ್ತಿದ್ದಳು. ಅದು ಪ್ರತಿ ಸಲವೂ ಸ್ವಲ್ಪ ದೊಗಳೆಯಾಗುತ್ತಿತ್ತು.

ಒಮ್ಮೆ ಅಮ್ಮ, ಚಿಕ್ಕಮ್ಮ, ನಾನು ಮೂವರೂ ಆಸ್ಪತ್ರೆಗೆ ಹೋಗಿದ್ದೆವು. ವೈದ್ಯರು ಹೊಸ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಹುಬ್ಬು ಗಂಟಿಕ್ಕಿದರು. "ಛೆ, ಉಲ್ಟಾ ಹಿಡ್ಕೊಂಡಿದೀನಿ" ಎಂದು ತಿರುಗಿಸಿಕೊಂಡರು. ನಾವೂ ಹೌದೆಂದುಕೊಂಡೆವು.

ಎರಡು ಸಾವಿರದ ಇಸವಿ ದಾಟಿದ ಮೇಲೆ, ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮುಗಿಸಿದ ನನಗೆ ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ಜೀವಕೋಶವೊಂದು ತನ್ನ ಮೈಮೇಲೆ ಲೋಮಾಂಗವೆಂಬ ಕೂದಲೆಳೆಯನ್ನು ಕಟ್ಟಿಕೊಳ್ಳಲು ಯಾವ ಯಾವ ಜೀನ್‌ಗಳು ಬೇಕೆಂದು ಹುಡುಕುವ ಕೆಲಸ ಅದು. ಇದಕ್ಕೆ ನಾವು ಸಾಕಿಕೊಂಡಿದ್ದದ್ದು ಒಂದೇ ಕೋಶದ ಹಸಿರು ಪಾಚಿ. ಅದಕ್ಕಿರುವುದು ಎರಡೇ ಕೂದಲು. ಅವನ್ನು ಬೀಸಿ ಬೀಸಿ ಅದು ಈಜುತ್ತದೆ. ನೀರಿಗೆ ಸ್ವಲ್ಪ ಆಮ್ಲ ಬೆರೆಸಿದರೆ ಗಾಬರಿಬಿದ್ದಂತೆ ಎರಡನ್ನೂ ಉದುರಿಸಿಬಿಡುತ್ತದೆ, ಆಮ್ಲ ಹೋದರೆ ಮತ್ತೆ ಬೆಳೆಸಿಕೊಳ್ಳುತ್ತದೆ. ಹಾಗೆ ಬೆಳೆಸಿಕೊಳ್ಳುವಾಗ ಕೋಶದೊಳಗೆ ಎಚ್ಚೆತ್ತು ದುಡಿಯುವ ಜೀನ್‌ಗಳಾವುವೆಂದು ನೋಡುತ್ತಿದ್ದೆವು. ಹುಟ್ಟಿನಿಂದಲೇ ಈಜಲಾರದ ಕೆಲವು ಕೋಶಗಳು ನಳಿಗೆಯ ತಳದಲ್ಲಿ ಸುಮ್ಮನೆ ಕೂತಿರುತ್ತಿದ್ದವು. ಅವುಗಳಲ್ಲಿ ಕೆಟ್ಟಿರುವ ಜೀನು ಯಾವುದೆಂದು ಹುಡುಕಿ ಹೊರಟರೆ, ಎಷ್ಟೋ ಸಲ, ಅದನ್ನೇ ಹೋಲುವ ಜೀನು ಮನುಷ್ಯನಲ್ಲೂ ಸಿಗುತ್ತಿತ್ತು.

ಒಂದು ಮಧ್ಯಾಹ್ನ ಚಹಾ ಕುಡಿಯುತ್ತ ನಮ್ಮ ಪ್ರಯೋಗಾಲಯದ ಮೇಡಂ ಹೇಳಿದರು: "ಶ್ವಾಸನಾಳದ ಒಳಗೂ ಇಂಥ ಕೂದಲೇ ಇರೋದು. ಅವು ಬೀಸಿ ಬೀಸಿ ಕಫಾನ ಮೇಲಕ್ಕೆ ತಳ್ತವೆ. ಕೆಲವರಿಗೆ ಹುಟ್ಟಿದಾಗ್ಲಿಂದ ಅವು ಆಡೋದೇ ಇಲ್ಲ, ಪಾಪ, ಜೀವಮಾನ ಪೂರ್ತಿ ಕೆಮ್ಮು. ಗರ್ಭದಲ್ಲಿ ಎಡ ಬಲ ತೀರ್ಮಾನ ಆಗೋದಕ್ಕೂ ಇಂಥ ಕೂದಲೇ ಬೇಕು. ಹಾಗಾಗಿ ಅಂಥವರಲ್ಲಿ ಸುಮಾರು ಜನಕ್ಕೆ ಹೃದಯ ಬಲಗಡೆ ಇರತ್ತೆ. ಎಷ್ಟೋ ಡಾಕ್ಟ್ರು ಎಕ್ಸ್‌ರೇನೇ ಉಲ್ಟಾ ಅಂದ್ಕೊಂಡ್ಬಿಡ್ತಾರೆ."

ನನ್ನ ಕೈಯಲ್ಲಿದ್ದ ಚಹಾ ಆರಿಹೋಯಿತು.

ಅಷ್ಟರಲ್ಲಿ ಅಜ್ಜಿ ತೀರಿಕೊಂಡಿದ್ದಳು. ಅಪ್ಪ ನಿವೃತ್ತರಾಗಿ ಎಲ್ಲರೂ ಶಿವಮೊಗ್ಗದ ಗೋಪಾಳಕ್ಕೆ ಬಂದಿದ್ದರು. ಅಲ್ಲಿಯೂ ಚಿಕ್ಕಮ್ಮ ಹಿಂದಿನ ಕೋಣೆಯನ್ನೇ ಆರಿಸಿಕೊಂಡಿದ್ದಳು. ಊರಿಗೆ ಹೋದವಳೇ ಅವಳನ್ನು ಒಬ್ಬ ವೈದ್ಯೆಯ ಬಳಿ ಕರೆದೊಯ್ದೆ. ಆಕೆ ಎಕ್ಸ್‌ರೇ ತೆಗೆಸಿದರು. ಹಾಳೆಯನ್ನು ತಿರುಗಿಸಲಿಲ್ಲ. ನಿಜವಾಗಿಯೂ ಚಿಕ್ಕಮ್ಮನ ಹೃದಯ ಬಲಕ್ಕಿತ್ತು. ಆಮೇಲೆ ಕರಾವಳಿಯ ದೊಡ್ಡ ಆಸ್ಪತ್ರೆಯಲ್ಲಿ ಮೂಗಿನೊಳಗಿಂದ ಚೂರು ಅಂಗಾಂಶ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಆ ಸೂಕ್ಷ್ಮ ಕೂದಲೇನೋ ಇದ್ದವು, ಅವುಗಳಲ್ಲಿ ಚಲನೆಯಿರಲಿಲ್ಲ.

"ಇದು ಟಿ.ಬಿ. ಅಲ್ಲಮ್ಮ. ಯಾವತ್ತೂ ಟಿ.ಬಿ. ಆಗಿರ್ಲಿಲ್ಲ ಅಂತ ಕಾಣತ್ತೆ" ಎಂದರು, ವರದಿ ನೋಡಿದ ಶಿವಮೊಗ್ಗದ ವೈದ್ಯೆ.

ಚಿಕ್ಕಮ್ಮ ಕೇಳಿದ್ದು ಒಂದೇ ಮಾತು: "ಹಾಗಾದ್ರೆ ಅಂಟೋದಲ್ವಾ?"

"ಅಲ್ಲ. ಯಾರಿಗೂ ಅಂಟಲ್ಲ."

ಚಿಕ್ಕಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಳು.

ಶ್ವಾಸಕೋಶದ ಕೆಳಭಾಗ ಆಗಲೇ ಕೆಟ್ಟುಹೋಗಿತ್ತು, ಅದನ್ನು ಸರಿಮಾಡುವ ಔಷಧಿಯಿರಲಿಲ್ಲ. ಅವಳಲ್ಲಿ ಕೆಟ್ಟ ಜೀನು ಯಾವುದೆಂದೂ ಗೊತ್ತಾಗಲಿಲ್ಲ. ನಾವು ಹುಡುಕಿದವುಗಳಲ್ಲಿ ಅದು ಸೇರಿತ್ತೋ ಇಲ್ಲವೋ. ನನ್ನನ್ನು ಇಂದಿಗೂ ಕೊರೆಯುವುದು ಅದಲ್ಲ. ಆ ದಿನ ವೈದ್ಯೆ ಹೇಳಿಕೊಟ್ಟ ಚಿಕಿತ್ಸೆ ಬಹಳ ಸರಳವಾಗಿತ್ತು: ಕೂದಲು ಮಾಡಲಾರದ ಕೆಲಸವನ್ನು ಕೈಯಿಂದ ಮಾಡಬೇಕು. ಸೊಂಟದ ಕೆಳಗೆ ದಿಂಬಿಟ್ಟು, ತಲೆ ತಗ್ಗಿಸಿ ಮಲಗಿಸಿ, ಅಂಗೈ ಬೊಗಸೆಯಂತೆ ಮಾಡಿ ಬೆನ್ನು ತಟ್ಟುತ್ತ ಕಫ ಸಡಿಲಿಸಬೇಕು, ದಿನಾಲೂ. ಎಷ್ಟೊಂದು ಕೈಗಳಿದ್ದ ಮನೆ ನಮ್ಮದು! ಅವಳಿಗೆ ಬೇಕಾಗಿದ್ದದ್ದು ಯಾರಾದರೂ ಹತ್ತಿರ ಹೋಗಿ ಮುಟ್ಟುವುದು. ನಾವು ಚಿಕ್ಕಂದಿನಿಂದಲೇ ಕಲಿತದ್ದು ಅವಳಿಂದ ದೂರ ನಿಲ್ಲುವುದನ್ನು.

ಮನೆಗೆ ಬಂದು ಮಂಚದ ಮೇಲೆ ಮಲಗಿಸಿ ಅವಳ ಬೆನ್ನಿಗೆ ಕೈಯಿಟ್ಟೆ. ಮೈ ಸೆಟೆದುಕೊಂಡಿತು. "ಬೇಡ ಮಾರಾಯ್ತಿ, ನಿಂಗ್ಯಾಕೆ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ನಾನು ತಟ್ಟತೊಡಗಿದೆ. ಸ್ವಲ್ಪ ಹೊತ್ತಿನ ಮೇಲೆ, ಹಾಸಿಗೆಗೆ ಮುಖ ಒತ್ತಿಕೊಂಡೇ ಹೇಳಿದಳು:

"ಹಾಗಾದ್ರೆ ನೀನು ಹುಟ್ಟಿದಾಗ ನಾನು ಎತ್ಕೋಬಹುದಿತ್ತಲ್ಲೇ."

ನನ್ನ ಕೈ ನಿಂತಿತು.

"ನಿಲ್ಲಿಸಬೇಡ, ತಟ್ಟು" ಎಂದಳು ಚಿಕ್ಕಮ್ಮ.