ನಾನೇ ಆರಿಸಿದ ಬೈಕಿನ ಪೆಟ್ಟಿಗೆಗಳು

ನಮ್ಮನೆಯವರ ದೊಡ್ಡ ಬೈಕಿಗೆ ಪೆಟ್ಟಿಗೆ ಆರಿಸಿದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಸಿಟ್ಟಿನಲ್ಲಿ ಮರೆತುಹೋಗುತ್ತದೆ. ಮಣ್ಣುದಾರಿ, ಗುಡ್ಡ ಯಾವುದಕ್ಕೂ ಜಗ್ಗದ ಎತ್ತರದ ಬೈಕ್ ಅದು. ಅದರ ಮೇಲೆ ಇಬ್ಬರೂ ಚನ್ನಗಿರಿಯಿಂದ ಗುಜರಾತಿನ ಕಛ್‌ವರೆಗೆ ಹೋಗಿ ಬಿಳಿ ಉಪ್ಪಿನ ಬಯಲು ನೋಡುವುದೆಂದು ಮಾತಾಗಿತ್ತು. ಮದುವೆಯಾದ ಮೇಲೆ ನಾನು ಕಂಡ ದೂರದ ಊರೆಂದರೆ ಧರ್ಮಸ್ಥಳ. ಬ್ಲೌಸ್ ಹೊಲಿಸಲು ಬಂದವರಿಗೆಲ್ಲ ಅಳತೆ ತೆಗೆಯುತ್ತಲೇ ಆ ಉಪ್ಪಿನ ಸುದ್ದಿ ಹೇಳುತ್ತಿದ್ದೆ. ಅಷ್ಟು ಹುಚ್ಚು ಹಿಡಿದಿತ್ತು ನನಗೆ.

ಬಟ್ಟೆಚೀಲ ಕಟ್ಟಿಕೊಂಡು ಹೋದರೆ ಸಾಲದೇ ಎಂದು ಕೇಳಿದ್ದೆ.

"ಥೂ, ಮಳೆ ಬಂದ್ರೆ ಎಲ್ಲಾ ಒದ್ದೆ. ಹೋಟೆಲ್ ಮುಂದೆ ನಿಲ್ಸಿದ್ರೆ ಬ್ಲೇಡ್ ಹಾಕ್ತಾರೆ. ಬೀಗ ಹಾಕೋ ಪೆಟ್ಟಿಗೆನೇ ಆಗ್ಬೇಕು" ಎಂದರು. ಪಕ್ಕಕ್ಕೆ ಎರಡು, ಹಿಂದಕ್ಕೆ ಒಂದು. ಯಾವ ಪೆಟ್ಟಿಗೆ ಎನ್ನುವುದೇ ತಲೆನೋವಾಯಿತು. ಫೋನಿನಲ್ಲಿ ವೀಡಿಯೊ ನೋಡಿ ನೋಡಿ ಅವರ ತಲೆ ಕೆಟ್ಟಿತ್ತು. ಇಟ್ಟುಕೊಂಡವರ ಹತ್ತಿರವೇ ಹೋಗಿ ಕಣ್ಣಾರೆ ನೋಡೋಣ ಎಂದವಳೂ ನಾನೇ.

ಹೊನ್ನಾಳಿಯಲ್ಲಿ ಅವರ ಸ್ನೇಹಿತರೊಬ್ಬರ ಪೆಟ್ಟಿಗೆಗೆ ಕಪಾಟಿನ ಹಾಗೆ ಪಕ್ಕದಲ್ಲಿ ಬಾಗಿಲು. ಪುಣ್ಯಾತ್ಮರು ಜಂಬದಿಂದ ತೆರೆದು ತೋರಿಸಿದರು ನೋಡಿ, ಲುಂಗಿ, ಸೋಪು, ಚಡ್ಡಿ ಎಲ್ಲ ದಬದಬ ರಸ್ತೆಗೆ! ನಕ್ಕು ನಕ್ಕು ನನ್ನ ಹೊಟ್ಟೆ ಹುಣ್ಣಾಯಿತು. "ಮೇಲಿಂದ ಮುಚ್ಚಳ ತೆಗೆಯೋದೇ ಇರ್ಲಿ ರೀ, ನಮ್ಮ ಮಾನ ಹಿಂಗೆ ರಸ್ತೆಗೆ ಬೀಳಾದು ಬ್ಯಾಡ" ಎಂದೆ. ನ್ಯಾಮತಿಯಲ್ಲಿ ಇನ್ನೊಬ್ಬರದು ಪ್ಲಾಸ್ಟಿಕ್ಕಿನದು. ಹಗುರ, ನೋಡಲೂ ಚೆಂದ. ಆದರೆ ಗೋವಿನಕೋವಿ ಹತ್ತಿರ ಬೈಕ್ ನಿಂತಲ್ಲೇ ವಾಲಿ ಬಿದ್ದದ್ದಕ್ಕೆ ಮೂಲೆ ಸೀಳಿಹೋಗಿತ್ತು. ಅಲ್ಯೂಮಿನಿಯಂ ಆದರೆ ಪಾತ್ರೆಯಂತೆ ನೆಗ್ಗುತ್ತದೆ, ಬಡಿದು ಸರಿಮಾಡಿಕೊಳ್ಳಬಹುದು. ಅದೇ ಸರಿ ಎಂದು ನಾನು ಹೇಳಿದೆ, ಅವರು ಒಪ್ಪಿದರು.

ಮನೆಗೆ ಬಂದ ಮೇಲೆ ನಮ್ಮನೆಯವರು ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ನನ್ನದೇ ಟೇಪು ಹಿಡಿದು, ಹಿಮ್ಮಡಿಯಿಂದ ಪೆಟ್ಟಿಗೆ ಬರುವ ಜಾಗದವರೆಗೆ ಅಳೆದರು. "ಕಾಲಿಗೆ ತಾಗಬಾರ್ದಲ್ಲ, ಸಾವಿರಾರು ಕಿಲೋಮೀಟರ್ ಕೂತ್ಕಬೇಕು ನೀನು" ಎಂದರು. ನನ್ನ ಕಾಲಿನ ಬಗ್ಗೆ ಯಾರಾದರೂ ಅಷ್ಟು ತಲೆ ಕೆಡಿಸಿಕೊಂಡದ್ದು ಅದೇ ಮೊದಲು. ನಾನು ಕರಗಿ ನೀರಾದೆ. ಪೆಟ್ಟಿಗೆಯೊಳಗೆ ಸರಿಯಾಗಿ ಕೂರುವಂಥ ಚೀಲಗಳನ್ನು ಹೊಲಿದೆ, ಅವರಿಗೆ ನೀಲಿ, ನನಗೆ ಕೆಂಪು. ಆಗಲೇ ಅವರ ಮನಸ್ಸಿನಲ್ಲಿ ಬೇರೆ ಇತ್ತೋ, ಆಮೇಲೆ ಬಂತೋ, ಇವತ್ತಿಗೂ ಗೊತ್ತಿಲ್ಲ.

ಪೆಟ್ಟಿಗೆ ಕೂರಿಸುವ ಕಬ್ಬಿಣದ ಸ್ಟ್ಯಾಂಡ್ ಮಾಡುವವರು ಜಗಳೂರಿನಲ್ಲಿದ್ದರು. ಪೆಟ್ಟಿಗೆಗಳನ್ನು ನೇರ ಅಲ್ಲಿಗೇ ತರಿಸಿ, ಒಂದು ಭಾನುವಾರ ಇಬ್ಬರೂ ಬೈಕಿನಲ್ಲಿ ಹೊರಟೆವು. ಸೂಳೆಕೆರೆ ಕಂಡಾಗ, "ಉಪ್ಪಿನ ಬಯಲು ಇದಕ್ಕಿಂತ ದೊಡ್ಡದಾ?" ಎಂದು ಗಾಳಿಯಲ್ಲಿ ಕೂಗಿ ಕೇಳಿದೆ. "ಹೂಂ, ನೋಡುವಂತೆ ಬಾ" ಎಂದರು. ಎಷ್ಟು ಸಲೀಸಾಗಿ ಅಂದರು ಆ ಮಾತನ್ನು!

ಜಗಳೂರಿನಲ್ಲಿ, ಬಿಸಿಲೈತೆ ಎಂದು ನನ್ನನ್ನು ಎದುರಿನ ಹೋಟೆಲಿನಲ್ಲಿ ಕೂರಿಸಿದರು. ನಾನು ಮಂಡಕ್ಕಿ ಮಿರ್ಚಿ ತಿಂದು, ಚಹಾ ಕುಡಿದು ಬಂದು ನೋಡಿದರೆ ಮೂರೂ ಪೆಟ್ಟಿಗೆ ಕೂತಿದ್ದವು, ಥಳಥಳ. ಹಿಂದಿನದು ನಾನು ಕೂರುವ ಜಾಗದಲ್ಲೇ ಕೂತಿತ್ತು. ನನ್ನ ಸೀಟು ಗೋಡೆಗೊರಗಿ ನೆಲದ ಮೇಲಿತ್ತು.

"ಸೀಟ್ ಯಾಕೆ ಬಿಚ್ಚಿದ್ರಿ ಅಣ್ಣಾ?" ಎಂದೆ ಕೆಲಸದವರಿಗೆ.

"ಸಾಹೇಬ್ರು ಫೋನಲ್ಲೇ ಹೇಳಿದ್ರಲ್ಲಕ್ಕಾ. ಒಬ್ರೇ ಹೋಗಾದು, ಸೀಟು ಬ್ಯಾಡ, ಅಲ್ಲಿ ಪೆಟ್ಟಿಗೆ ಕೂರಿಸಾಕೆ ಪ್ಲೇಟ್ ಹಾಕ್ರಿ ಅಂತ."

ನಾನು ತಿರುಗಿದೆ. ನಮ್ಮನೆಯವರು ಫೋನು ಒರೆಸುತ್ತಿದ್ದರು. "ಹೊನ್ನಾಳಿಯವ್ರೂ ಬರ್ತಾರೆ. ಅವ್ರು ಒಬ್ರೇ ಬರ್ತಿರ್ಬೇಕಾದ್ರೆ ನಿನ್ನ ಕರ್ಕಂಡು ಹೋದ್ರೆ ಹೆಂಗೆ? ಟೆಂಟು, ಒಲೆ ಬೇರೆ ಇಡಬೇಕು. ಹೇಳಾನ ಅಂತಿದ್ದೆ."

"ಯಾವಾಗ ಹೇಳ್ತಿದ್ರಿ? ಕಛ್‌ಗೆ ಹೋಗಿ ಫೋನ್ ಮಾಡಿ ಹೇಳ್ತಿದ್ರಾ?"

ದಾವಣಗೆರೆ ಬಸ್ಸು ಹತ್ತು, ಅಲ್ಲಿಂದ ಚನ್ನಗಿರಿಗೆ ಬೇಕಾದಷ್ಟು ಬಸ್ಸೈತೆ ಎಂದರು. ಬೈಕಿನಲ್ಲಿ ಜಾಗವಿಲ್ಲ, ಆ ಸೀಟನ್ನೂ ತಗಂಡು ಬಾ ಎಂದರು!

ತೆಗೆದುಕೊಂಡೇ ಬಂದೆ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಅತ್ತೆ. ಪಕ್ಕದವರು ಏನಮ್ಮ ಅದು ಎಂದು ಕೇಳಿದರೆ ಅದರ ಮೇಲೆ ಸೆರಗು ಹೊದಿಸಿದೆ. ಎಂಥಾ ಪೆದ್ದಿ ನಾನು, ಕಾಲಿಗೆ ತಾಗಬಾರದೆಂದು ಅಳೆದದ್ದನ್ನೇ ಪ್ರೀತಿ ಅಂದುಕೊಂಡಿದ್ದೆ.

ಮನೆ ಮುಟ್ಟಿದಾಗ ಅಕ್ಕಪಕ್ಕದವರೆಲ್ಲ ಬೈಕ್ ಸುತ್ತ ನಿಂತು ಪೆಟ್ಟಿಗೆ ಬಡಿದು ನೋಡುತ್ತಿದ್ದರು. ನನ್ನ ಹತ್ತಿರ ಬ್ಲೌಸ್ ಹೊಲಿಸುವ ಎದುರುಮನೆ ಅಕ್ಕ ಓಡಿಬಂದರು. "ಏನೇ, ನೀನೇ ಬರಾಕಿಲ್ಲ ಅಂದ್ಯಂತೆ? ಸೊಂಟನೋವಂತೆ? ಅಯ್ಯೋ, ಎಷ್ಟು ಆಸೆ ಇಟ್ಕಂಡಿದ್ದೆ!"

ಅವರ ಹಿಂದೆ ನಮ್ಮನೆಯವರು ಹೂಂ ಅನ್ನು ಎಂದು ಕಣ್ಣಲ್ಲೇ ಸನ್ನೆ ಮಾಡುತ್ತಿದ್ದರು. ನನ್ನನ್ನು ಬಿಟ್ಟುಹೋಗುವುದನ್ನು ಹೇಗೋ ನುಂಗಿಕೊಳ್ಳುತ್ತಿದ್ದೆನೇನೋ. ಬೇಡವೆಂದವಳು ನಾನೇ ಎಂದು ಕೇರಿಗೆಲ್ಲ ಹೇಳಿದ್ದು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

"ನನ್ನ ಸೊಂಟ ಗಟ್ಟಿ ಐತೆ ಅಕ್ಕಾ. ಹೊರಟೇ ನಿಂತಿದ್ದೆ ನಾನು. ಇವ್ರು ನನ್ನ ಸೀಟೇ ಬಿಚ್ಚಿಸ್ಯಾರೆ. ನೋಡ್ರಿ ಇಲ್ಲಿ!" ಎಂದು ಸೀಟನ್ನು ಎತ್ತಿ ಹಿಡಿದೆ.

ನಮ್ಮನೆಯವರು ನಕ್ಕು, "ತಮಾಷೆ ಮಾಡ್ತಾಳೆ ರೀ ಇವಳು" ಎಂದರು. ಎಲ್ಲರೂ ನಕ್ಕರು. ಅಕ್ಕನೂ ನಕ್ಕು, ನನ್ನ ಕೈಯಿಂದ ಸೀಟು ತೆಗೆದು ಕೆಳಗಿಟ್ಟು, ಭಾರ ಎತ್ತಬಾರದು ಕಣೇ ಎನ್ನುತ್ತಾ ಸೊಂಟಕ್ಕೆ ಯಾವ ಎಣ್ಣೆ ಹಚ್ಚಬೇಕೆಂದು ಹೇಳತೊಡಗಿದರು.