ಚೀನಾದ ಮೊಬೈಲ್ ಷೇರು ಮತ್ತು ನನ್ನ ಅಂಗಡಿಯ ಜಾಗ

ಲಂಡನ್ನಿನ ಕ್ರೋಯ್ಡನ್‌ನಲ್ಲಿ ಹಳೆಯ ಫೋನ್ ಕೊಂಡು, ರಿಪೇರಿ ಮಾಡಿ ಮಾರುವ ಅಂಗಡಿ ನನ್ನದು. ಬಾಡಿಗೆಗಿದ್ದ ಆ ಜಾಗವನ್ನೇ ಕೊಂಡುಬಿಡಬೇಕೆಂದು ಎಂಟು ವರ್ಷ ಹಣ ಕೂಡಿಟ್ಟಿದ್ದೆ. ಅದಷ್ಟನ್ನೂ ಚೀನಾದ ಅತಿ ದೊಡ್ಡ ಮೊಬೈಲ್ ನೆಟ್‌ವರ್ಕ್ ಕಂಪನಿಯ ಷೇರಿಗೆ ಹಾಕಿ, ಬೆಳೆಸಿಕೊಂಡು ಆಮೇಲೆ ಜಾಗ ಕೊಳ್ಳೋಣ ಎಂದು ಹೊರಟಿದ್ದೆ. ಫೋನ್ ಮಾರುವವನಿಗೆ ಫೋನ್ ಕಂಪನಿಗಳ ವ್ಯವಹಾರವೂ ಗೊತ್ತಿರುತ್ತದೆ ಎಂಬ ಧೈರ್ಯ.

ಪಕ್ಕದ ಸಟನ್‌ನಲ್ಲಿ ಧಾರವಾಡದ ಡಾಕ್ಟರಮ್ಮ ಒಬ್ಬರ ಮನೆಯಲ್ಲಿ ತಿಂಗಳಿಗೊಂದು ಭಾನುವಾರ ನಾವು ಐದಾರು ಕನ್ನಡದವರು ಸೇರಿ ಷೇರುಗಳ ಬಗ್ಗೆ ಮಾತಾಡುತ್ತಿದ್ದೆವು. ಆಕೆಯ ಕಟ್ಟಳೆ ಒಂದೇ: ಷೇರು ಸೂಚಿಸುವವನು ಮೊದಲು ಅದರ ವಿರುದ್ಧ ತಾನೇ ವಾದಿಸಬೇಕು. ಸಗಟು ವ್ಯಾಪಾರಿಗಳನ್ನು ಬಾಯಲ್ಲೇ ಬಗ್ಗಿಸಿದ ನಾನು, ನನ್ನ ಸರದಿ ಬಂದ ದಿನ ಷೇರನ್ನು ಹೊಗಳುತ್ತಲೇ ಹೋದೆ.

“ಯಾಕ್ರೀ, ಗಿರಾಕಿ ತಂದ ಫೋನಿನಾಗ ನೂರು ಹುಳುಕು ತಗೀತೀರಿ. ನಿಮ್ಮ ಷೇರಿನಾಗ ಒಂದೂ ಇಲ್ಲೇನು?” ಎಂದರು ಡಾಕ್ಟರಮ್ಮ.

“ಜನ ಊಟ ಬಿಟ್ಟಾರು, ಮೊಬೈಲ್ ಬಿಡಲ್ಲ ಮೇಡಂ,” ಎಂದೆ.

ಬೆಂಗಳೂರಿನ ಐಟಿ ಗೆಳೆಯ ತಲೆಯಾಡಿಸಿದ. “ಅದಲ್ಲ ಸಾರ್. ಅಲ್ಲಿ ದೊಡ್ಡ ನೆಟ್‌ವರ್ಕ್ ಕಂಪನಿಗಳಿಗೆಲ್ಲ ಸರ್ಕಾರನೇ ಓನರ್, ರೂಲ್ಸ್ ಮಾಡೋದೂ ಸರ್ಕಾರನೇ. ನಾಳೆ ಚಿಕ್ಕ ಕಂಪನಿ ಎರಡನ್ನ ಸೇರಿಸಿ, ಒಳ್ಳೆ ತರಂಗಾಂತರ ಅವಕ್ಕೆ ಕೊಟ್ಟು, ನಿಮ್ಮ ಕಂಪನಿಗೆ ರೇಟ್ ಇಳಿಸು ಅಂದ್ರೆ?”

“ಇಲ್ಲಿಯ ಸರ್ಕಾರದವರೂ ಇಳಿಸು ಅಂತಾರಲ್ಲಪ್ಪ.”

“ಇಲ್ಲೆ ಕಂಪನಿ ಕೋರ್ಟಿಗೆ ಹೋಗ್ತದ,” ಎಂದರು ಡಾಕ್ಟರಮ್ಮ. “ಅಲ್ಲೆ ಮಗ ಅಪ್ಪನ ಮ್ಯಾಲೆ ಕೇಸ್ ಹಾಕ್ತಾನೇನು?”

ನಾನು ಬಿಡಲಿಲ್ಲ. “ಆಯ್ತು, ಅಪ್ಪ ಮಗನನ್ನ ಉಪವಾಸ ಕೆಡವಲ್ವಲ್ಲ?”

“ಕೆಡವಂಗಿಲ್ಲ. ಆದ್ರ ನೀವು ಮಗ ಅಲ್ರೀ, ಪೇಯಿಂಗ್ ಗೆಸ್ಟ್.”

ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಮಾತು ನಾಟಿತು. ಲಾಭಾಂಶ ಚೆನ್ನಾಗಿಯೇ ಬರಬಹುದು, ಬೆಲೆ ಏರಲೂಬಹುದು. ಆದರೆ ಆಟದ ನಿಯಮ ಬದಲಾದ ದಿನ ನಾನು ಯಾರೊಡನೆ ಚೌಕಾಸಿ ಮಾಡಲಿ? ನನಗೆ ಬರುವ ವಿದ್ಯೆ ಅದೊಂದೇ. ಹಣ ಹಾಕುವ ಮುನ್ನ ಕಂಪನಿಯ ಲಾಭ ನಷ್ಟ ನೋಡಬೇಡಿ ಎನ್ನುವುದಿಲ್ಲ. ಆದರೆ ದರ ಗೊತ್ತುಮಾಡುವವರು ಯಾರು, ಅವರಿಗೆ ‘ಆಗೋದಿಲ್ಲ’ ಎನ್ನಬಲ್ಲವರು ಯಾರು ಎಂಬುದನ್ನು ಅದಕ್ಕೂ ಮೊದಲೇ ಕೇಳಿಕೊಳ್ಳಿ.

ಮರುದಿನ ಅಂಗಡಿ ತೆರೆಯದೆ ನೇರ ಜಾಗದ ಮಾಲೀಕನ ಆಫೀಸಿಗೆ ಹೋದೆ. ಅವನು ಹೇಳಿದ ಬೆಲೆ ನಾನು ಕೂಡಿಟ್ಟದ್ದಕ್ಕಿಂತ ಬಹಳ ಮೇಲಿತ್ತು. ನಾನು ಏಳಲಿಲ್ಲ, ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ಬೆಲೆಯಲ್ಲಿ ಅವನು ಎರಡು ಮೆಟ್ಟಿಲು ಇಳಿದಿದ್ದ, ನಾನು ಒಂದು ಹತ್ತಿದ್ದೆ.