ಮೈಕಪ್ಪನ ಎರಡು ಬೆರಳು

ನನ್ನ ಅಕ್ಕನ ಗಂಡನನ್ನು ಊರೆಲ್ಲ ಮೈಕಪ್ಪ ಎನ್ನುತ್ತದೆ. ಎದುರಿಗೆ ಸಿಕ್ಕಾಗ ನಾನೂ ಭಾವ, ನೀವು, ತಾವು ಎನ್ನುತ್ತೇನೆ. ಇಲ್ಲಿ ಅವನಿಗೆ ಏಕವಚನವೇ ಹೆಚ್ಚಾಯಿತು.

ನಗರಸಭೆಯ ದೊಡ್ಡ ಹಾಲಿನಲ್ಲಿ ಮೈಕು ನೋಡಿಕೊಳ್ಳುವುದು ಅವನ ಕೆಲಸವಾಗಿತ್ತು. ತಿಂಗಳಿಗೊಮ್ಮೆ ಅಲ್ಲಿ ಜನರ ಸಭೆ. ರಸ್ತೆಯೋ ನೀರೋ ಶಾಲೆಯೋ, ಯಾರು ಬೇಕಾದರೂ ಎದ್ದು ನಿಂತು ಕೇಳಬಹುದಿತ್ತು. ಭಾವ ಮೂಲೆಯಲ್ಲಿ ತನ್ನ ಪೆಟ್ಟಿಗೆಯ ಮುಂದೆ ಕೂತು, ದನಿ ಏರಿಸುವ ಗುಂಡಿಯ ಮೇಲೆ ಎರಡು ಬೆರಳಿಟ್ಟುಕೊಂಡಿರುತ್ತಿದ್ದ. ಯಾರಾದರೂ ಕೂಗಾಡಿದರೆ ಮೈಕು ಕಿರುಗುಟ್ಟುತ್ತದೆ, ಮುಂದಿನ ಸಾಲಿನ ದೊಡ್ಡ ಮನುಷ್ಯರು ಮುಖ ಕಿವಿಚುತ್ತಾರೆ. ಅದಕ್ಕೇ ಸಿಟ್ಟಿನ ದನಿ ಕೇಳಿದ ಕೂಡಲೇ ಗುಂಡಿಯನ್ನು ಒಂಚೂರು ಇಳಿಸುವುದು ಅವನಿಗೆ ಅಭ್ಯಾಸ. ಆ ಬೆರಳುಗಳ ಬಗ್ಗೆ ಮನೆಯಲ್ಲಿ ಕೊಚ್ಚಿಕೊಂಡದ್ದೇ ಕೊಚ್ಚಿಕೊಂಡದ್ದು. ಅಕ್ಕ ಅಡುಗೆಮನೆಯಿಂದಲೇ ಉತ್ತರ ಕೊಡುತ್ತಿದ್ದಳು. ಅವಳಿಗೆ ಮೈಕು ಬೇಕಾಗಿರಲಿಲ್ಲ, ಅವಳ ಬಾಯಿ ಬೀದಿಯ ಕೊನೆಯವರೆಗೂ ಕೇಳುತ್ತಿತ್ತು.

ಆಮೇಲೆ ಯಂತ್ರ ಬಂತು. ತಾನೇ ಕೇಳಿ, ತಾನೇ ಯೋಚಿಸಿ ಸಭೆ ನಡೆಸುವ ಯಂತ್ರ. ಅದಕ್ಕೂ ಪಾಠ ಹೇಳಬೇಕಲ್ಲ? ಹಳೆಯ ಸಭೆಗಳ ಧ್ವನಿಮುದ್ರಣವನ್ನೂ, ಭಾವ ಗುಂಡಿ ಇಳಿಸಿದ ಜಾಗಗಳ ಗುರುತನ್ನೂ ಅದಕ್ಕೆ ಉಣಿಸಿದರು. ತನ್ನ ಕೈ ನೋಡಿ ಯಂತ್ರ ಕಲಿಯುತ್ತಿದೆ ಎಂದು ಈ ಮಹಾಶಯ ಹಿಗ್ಗಿ ಹೀರೇಕಾಯಿಯಾದ. ಅವನು ಇಳಿಸಿದ್ದು ಕಿವಿ ಉಳಿಸುವುದಕ್ಕೆ. ಯಂತ್ರ ಕಲಿತದ್ದು, ಸಿಟ್ಟು ಬಂದವರ ಮಾತು ಲೆಕ್ಕಕ್ಕಿಲ್ಲ ಎಂದು. ಅವನದು ಒಂಚೂರು, ಅದರದು ಪೂರ್ತಿ. ಗುಂಡಿ ಯಂತ್ರದ ಪಾಲಾಯಿತು, ಮೂಲೆಯಲ್ಲಿ ಕೂತು ವೈರು ಕಾಯುವುದಷ್ಟೇ ಭಾವನಿಗೆ ಉಳಿಯಿತು.

ಕೊನೆಯ ಸಭೆಗೆ ಬಂದ ವಿಷಯ ಒಂದೇ: ಇನ್ನು ಸಭೆಗಳೇ ಬೇಡ, ಊರಿನ ತೀರ್ಮಾನವೆಲ್ಲ ಯಂತ್ರವೇ ಮಾಡಲಿ. ವಿರೋಧವಿದ್ದವರು ಎದ್ದು ಮೈಕಿನಲ್ಲಿ ಹೇಳಬೇಕು. ಅಕ್ಕ ಎದ್ದಳು. ನಾಲ್ಕು ಮಾತಾಡುವಷ್ಟರಲ್ಲಿ ಮೈಕು ಸತ್ತಿತು. ಹಾಲಿನಲ್ಲಿದ್ದವರಿಗೆಲ್ಲ ಅವಳ ಮಾತು ಕೇಳುತ್ತಲೇ ಇತ್ತು, ಆದರೆ ದಾಖಲಾಗುವುದು ಮೈಕಿನಿಂದ ಬಂದದ್ದು ಮಾತ್ರ. ನಾನೂ ಎದ್ದೆ. ನನ್ನ ಸಿಟ್ಟೂ ಯಂತ್ರಕ್ಕೆ ರುಚಿಸಲಿಲ್ಲ. ಮೆತ್ತಗೆ ಮಾತಾಡಬಲ್ಲ ಜನಕ್ಕೆ ವಿರೋಧವೇ ಇರಲಿಲ್ಲ, ತಮ್ಮ ತಮ್ಮ ಚಪ್ಪಲಿ ನೋಡಿಕೊಂಡು ಕೂತಿದ್ದರು.

ಭಾವ ಮೂಲೆಯಿಂದ ಓಡಿ ಬಂದ. "ಮೆತ್ತಗೆ ಮಾತಾಡೇ. ಮೆತ್ತಗೆ ಅಂದ್ರೆ ಅದು ಬಿಡುತ್ತೆ."

"ಕತ್ತು ಹಿಸುಕೋರ ಹತ್ರ ಮೆತ್ತಗೆ ಮಾತಾಡ್ಬೇಕಾ?" ಎಂದಳು ಅಕ್ಕ. "ವೈರು ಕೀಳ್ರೀ."

ಯಂತ್ರಕ್ಕೆ ಕರೆಂಟು ಕೊಡುವ ವೈರು ಅವನು ನಿಂತಲ್ಲೇ, ಕಾಲ ಬುಡದಲ್ಲೇ ಹಾದುಹೋಗಿತ್ತು. ಕಿತ್ತಿದ್ದರೆ ಸಭೆ ನಿಲ್ಲುತ್ತಿತ್ತು, ತೀರ್ಮಾನವೂ ನಿಲ್ಲುತ್ತಿತ್ತು.

"ಕೆಲಸ ಹೋಗುತ್ತೆ ಕಣೇ" ಎಂದ.

ಗೋಡೆಯ ಪರದೆಯ ಮೇಲೆ 'ವಿರೋಧವಿಲ್ಲ' ಎಂದು ಮೂಡಿತು.

ಮುಂದಿನ ತಿಂಗಳೇ ನಮ್ಮ ಬೀದಿಯ ಶಾಲೆ ಮುಚ್ಚಿತು. ಯಾರನ್ನು ಕೇಳಬೇಕು ಎನ್ನುವುದು ಯಾರಿಗೂ ಗೊತ್ತಿಲ್ಲ. ಸಭೆಯೇ ಇಲ್ಲದ ಮೇಲೆ ಮೈಕಿನವನು ಯಾಕೆ? ಅವನ ಕೆಲಸವೂ ಹೋಯಿತು. ಒಳ್ಳೆಯದೇ ಆಯಿತು ಎಂದು ನಾನು ಬಾಯಿಬಿಟ್ಟೇ ಹೇಳಿದ್ದೇನೆ.

ಅಕ್ಕ ಮಾತ್ರ ಅವನಿಗೆ ಒಂದು ಮಾತೂ ಅಂದಿಲ್ಲ. ಮೊನ್ನೆ ನಾನು ಹೋದಾಗ ಭಾವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. "ಬೈಯೇ. ಮುಂಚಿನ ಹಾಗೆ ಜೋರಾಗಿ ಬೈದುಬಿಡು" ಎಂದು ಬೇಡುತ್ತಿದ್ದ.

ಅಕ್ಕ ತಟ್ಟೆ ಒರೆಸಿಟ್ಟಳು. "ಊಟಕ್ಕೆ ಬನ್ನಿ" ಎಂದಳು, ಮೆತ್ತಗೆ.